ಮಿಕ್ಕ ಜೀವಗಳ ಒಳಬಾಳು

1960ರ ದಶಕದ ಆರಂಭದಲ್ಲಿ ಯುಕಿಮಾರು ಸುಗಿಯಾಮ ಎಂಬ ಜಪಾನಿನ ವಿಜ್ಞಾನಿ ಧಾರವಾಡದ ಸುತ್ತಲಿನ ಕಾಡಿನಲ್ಲಿ ಮುಸುವಗಳ ಹಿಂಡುಗಳ ಬೆನ್ನು ಹತ್ತಿದ್ದರು. ಅಲ್ಲಿನ ಎಷ್ಟೋ ಹಿಂಡುಗಳಲ್ಲಿ ಬಲಿತ ಗಂಡು ಒಂದೇ. ಉಳಿದಂತೆ ಹೆಣ್ಣುಗಳು, ಮರಿಗಳು. ಹಿಂಡು ಸಿಗದ ಗಂಡುಗಳದು ಬೇರೆಯೇ ಗುಂಪು. ಇಂಥದೊಂದು ಗುಂಪು ಹಿಂಡಿನ ಮೇಲೆ ಬಿದ್ದು ಅದರ ಯಜಮಾನನನ್ನು ಓಡಿಸಿದ್ದನ್ನು ಸುಗಿಯಾಮ ಕಂಡರು. ಗೆದ್ದ ಗಂಡು ಹಿಂಡನ್ನು ವಶಪಡಿಸಿಕೊಂಡ ಮೇಲೆ ಹಾಲು ಕುಡಿಯುವ ಮರಿಗಳನ್ನು ಕಚ್ಚಿ ಕೊಂದಿತು. ಮರಿ ಕಳೆದುಕೊಂಡ ತಾಯಂದಿರು ಬೇಗನೆ ಬೆದೆಗೆ ಬಂದು, ಕೊಂದ ಗಂಡನ್ನೇ ಕೂಡಿದವು. 1965ರಲ್ಲಿ ಈ ವರದಿ ಪ್ರಕಟವಾದಾಗ ಇದನ್ನು ಅಸಹಜ ವರ್ತನೆಯೆಂದು ಬದಿಗಿಟ್ಟವರೇ ಹೆಚ್ಚು. ಮುಂದೆ 1970ರ ದಶಕದಲ್ಲಿ ಸಾರಾ ಹರ್ಡಿ ರಾಜಸ್ಥಾನದ ಮೌಂಟ್ ಅಬುವಿನ ಮುಸುವಗಳಲ್ಲೂ ಇದನ್ನೇ ಕಂಡು, ಇದು ರೋಗವಲ್ಲ, ತನ್ನ ಸಂತಾನವನ್ನು ಬೇಗ ಪಡೆಯಲು ಗಂಡು ಹಿಡಿಯುವ ದಾರಿ ಎಂದು ವಾದಿಸಿದರು.

ಬಂಡೀಪುರದ ರಸ್ತೆಬದಿಯ ಕೋತಿಗಳ ಕತೆ ಬೇರೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2018ರಲ್ಲಿ ಅವುಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಪ್ರವಾಸಿಗರಿಂದ ತಿನಿಸು ಬೇಡಲು ಈ ಕೋತಿಗಳು ಕೈ ಚಾಚುತ್ತವೆ, 'ಕೂ' ಎಂದು ಮೆಲುದನಿ ಹೊರಡಿಸುತ್ತವೆ, ಆಗೆಲ್ಲ ಎದುರಿಗಿರುವ ಮನುಷ್ಯನ ಮುಖದ ಮೇಲೆಯೇ ಕಣ್ಣಿಟ್ಟಿರುತ್ತವೆ. ಈ ಜಾತಿಯ ಕಾಡುಕೋತಿಗಳಲ್ಲಿ ಇಂಥ ಬೇಡಿಕೆಯ ಸನ್ನೆ ಹಿಂದೆ ದಾಖಲಾಗಿರಲಿಲ್ಲ. ಮನುಷ್ಯರ ಒಡನಾಟದಲ್ಲಿ ಹುಟ್ಟಿದ ಹೊಸ ಸನ್ನೆಯಿದು. ಎದುರಿಗಿರುವವನ ಗಮನ ಎತ್ತಲಿದೆ ಎಂಬ ಅರಿವಿಲ್ಲದೆ ಮೂಡುವಂಥದ್ದಲ್ಲ.

ಮೊದಲನೆಯದನ್ನು ಕೇಳಿದವರು ಮೃಗ ಎಂದರೆ ಕೊನೆಗೂ ಮೃಗವೇ ಎನ್ನುತ್ತಾರೆ. ಎರಡನೆಯದನ್ನು ಕೇಳಿದವರು ಅಯ್ಯೋ, ನಮ್ಮ ಹಾಗೆಯೇ ಅಲ್ಲವೇ ಎಂದು ಕರಗುತ್ತಾರೆ. ಎರಡರಲ್ಲೂ ಅಳತೆಗೋಲು ನಾವೇ. ಧಾರವಾಡದ ಕಾಡಿನಲ್ಲಿ ಮರಿ ಕಳೆದುಕೊಂಡ ತಾಯಿಯ ಒಳಗೆ ಏನಾಯಿತು, ಕೈ ಚಾಚಿ ಕೂತ ಕೋತಿಯ ಒಳಗೆ ಏನಾಗುತ್ತಿದೆ ಎಂಬ ಪ್ರಶ್ನೆಗೆ ಈ ಎರಡು ಮಾತುಗಳೂ ಉತ್ತರವಲ್ಲ. ನಾಲ್ಕು ಶತಮಾನಗಳಿಂದ ಈ ಚರ್ಚೆ ಅತ್ತಿತ್ತ ಓಲಾಡುತ್ತಾ ಬಂದಿರುವುದು ಈ ಎರಡು ಮಾತುಗಳ ನಡುವೆಯೇ. ಪ್ರಾಣಿಯ ಒಳಬಾಳನ್ನು ಅದರದೇ ಬಾಳೆಂದು ಒಪ್ಪಿಕೊಂಡು, ಅದು ನಮ್ಮನ್ನು ಹೋಲಲಿ ಬಿಡಲಿ, ನೋಯಬಲ್ಲದು ಎಂಬ ಶಂಕೆ ಬಲವಾಗಿದ್ದರೆ ಅಷ್ಟರಿಂದಲೇ ನಮ್ಮ ನಡತೆ ಬದಲಾಗಬೇಕು ಎಂಬುದು ಈ ಲೇಖನದ ನಿಲುವು.

ಯುರೋಪಿನ ವಿಜ್ಞಾನದಲ್ಲಿ ಪ್ರಾಣಿಗಳ ಮನಸ್ಸಿಗೆ ಬಾಗಿಲು ಮುಚ್ಚಿದ ಕೀರ್ತಿ ಸಾಮಾನ್ಯವಾಗಿ ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್‌ಗೆ ಸಲ್ಲುತ್ತದೆ. 1637ರ ತನ್ನ ಗ್ರಂಥದಲ್ಲಿ ಆತ ಪ್ರಾಣಿಯ ದೇಹವನ್ನು ದೇವರು ಮಾಡಿದ ಯಂತ್ರವೆಂದು ಕಂಡ. ಮಾತಿಲ್ಲದ್ದಕ್ಕೆ ವಿವೇಕವಿಲ್ಲ, ವಿವೇಕವಿಲ್ಲದ್ದಕ್ಕೆ ಆತ್ಮವಿಲ್ಲ. ಹಿಂಬಾಲಕರ ಕೈಯಲ್ಲಿ ಈ ವಾದ ಇನ್ನಷ್ಟು ಗಡುಸಾಗಿ, ಕೊಯ್ಯುವಾಗ ನಾಯಿ ಅರಚಿದರೆ ಅದು ನೋವಲ್ಲ, ಬರಿಯ ಸದ್ದು ಎನ್ನುವಲ್ಲಿಗೆ ಹೋಯಿತು. 1789ರಲ್ಲಿ ಇಂಗ್ಲೆಂಡಿನ ಜೆರೆಮಿ ಬೆಂಥಮ್ ಪ್ರಶ್ನೆಯನ್ನೇ ಬದಲಿಸಿದ. ಅವು ತರ್ಕಿಸುತ್ತವೆಯೇ, ಮಾತಾಡುತ್ತವೆಯೇ ಎಂಬುದನ್ನು ಬಿಟ್ಟು ಅವು ನೋವುಣ್ಣುತ್ತವೆಯೇ ಎಂದು ಕೇಳಿದ. ಇಡೀ ಚರ್ಚೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ನನಗೆ ಕಾಣುವುದಿಲ್ಲ. ಡಾರ್ವಿನ್ 1871ರಲ್ಲಿ, ಮನುಷ್ಯನ ಮನಸ್ಸಿಗೂ ಮೇಲ್ದರ್ಜೆಯ ಪ್ರಾಣಿಗಳ ಮನಸ್ಸಿಗೂ ಇರುವ ಅಂತರ ಎಷ್ಟೇ ದೊಡ್ಡದಾದರೂ ಅದು ಪ್ರಮಾಣದ್ದೇ ಹೊರತು ಬಗೆಯದ್ದಲ್ಲ ಎಂದು ವಾದಿಸಿದ. ಮರುವರ್ಷವೇ ಮನುಷ್ಯ ಮತ್ತು ಪ್ರಾಣಿಗಳ ಭಾವ ಪ್ರಕಟಣೆಯ ಬಗ್ಗೆ ಇನ್ನೊಂದು ಪುಸ್ತಕ ಬರೆದ.

ಡಾರ್ವಿನ್ ನಂತರದ ಉತ್ಸಾಹಿಗಳು ಸಾಕುನಾಯಿ, ಬೆಕ್ಕುಗಳ ಜಾಣತನದ ಕತೆಗಳನ್ನೇ ಪುರಾವೆಯೆಂದು ಗುಡ್ಡೆಹಾಕತೊಡಗಿದರು. ಇದಕ್ಕೆ ಕಡಿವಾಣ ಹಾಕಲು 1894ರಲ್ಲಿ ಲಾಯ್ಡ್ ಮಾರ್ಗನ್ ಒಂದು ನಿಯಮ ಕೊಟ್ಟ: ಸರಳ ಕಾರಣವೊಂದು ಸಾಕಾಗುವ ಕಡೆ ಮೇಲ್ಮಟ್ಟದ ಮನೋವ್ಯಾಪಾರವನ್ನು ಊಹಿಸಬೇಡಿ. ಹತ್ತು ವರ್ಷದಲ್ಲಿ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆ ಈ ನಿಯಮಕ್ಕೆ ದೊಡ್ಡ ಬಲ ತಂದಿತು. ಲೆಕ್ಕ ಕೇಳಿದರೆ ಅದು ಗೊರಸು ಬಡಿದು ಉತ್ತರ ಹೇಳುತ್ತಿತ್ತು. ಆಸ್ಕರ್ ಫುಂಗ್ಸ್ಟ್ ಅದನ್ನು ಪರೀಕ್ಷಿಸಿ, 1907ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಪ್ರಶ್ನೆ ಕೇಳುವವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಅಥವಾ ಅವನು ಕಣ್ಣಿಗೆ ಕಾಣದಿದ್ದರೆ ಕುದುರೆಯೂ ತಪ್ಪುತ್ತದೆ ಎಂದು ತೋರಿಸಿದರು. ಸರಿಯಾದ ಸಂಖ್ಯೆ ಬಂದಾಗ ಪ್ರಶ್ನಿಸಿದವನ ತಲೆ ಅವನಿಗೇ ತಿಳಿಯದಂತೆ ಕೂದಲೆಳೆಯಷ್ಟು ಮಿಸುಕುತ್ತಿತ್ತು. ಹಾನ್ಸ್ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಕುದುರೆಗೆ ಲೆಕ್ಕ ಬರುವುದಿಲ್ಲ ಎಂಬ ತೀರ್ಮಾನವನ್ನು ವಿಜ್ಞಾನ ಎತ್ತಿಕೊಂಡಿತು. ಮನುಷ್ಯನಿಗೇ ಅರಿವಿಲ್ಲದ ಅವನ ಮೈಯ ಮಾತನ್ನು ಓದುವ ಕಣ್ಣು ಕುದುರೆಗಿದೆ ಎಂಬ ಇನ್ನೊಂದು ತೀರ್ಮಾನ ಹಿಂದೆ ಉಳಿಯಿತು. ಆಮೇಲೆ 1913ರಲ್ಲಿ ಜಾನ್ ವಾಟ್ಸನ್ ಆರಂಭಿಸಿದ ವರ್ತನಾವಾದದ ಕಾಲದಲ್ಲಿ ಒಳಗಿನ ಅನುಭವದ ಮಾತೆತ್ತುವುದೇ ಅವೈಜ್ಞಾನಿಕವೆನಿಸಿತು. ಇಲಿ ಗುಂಡಿ ಒತ್ತಿತು, ಕಾಳು ಬಿತ್ತು. ನಡುವೆ ಏನಾಯಿತೆಂದು ಯಾರೂ ಕೇಳುವಂತಿರಲಿಲ್ಲ.

ಜಪಾನಿನಲ್ಲಿ ಹೀಗಿರಲಿಲ್ಲ. ಕಿಂಜಿ ಇಮಾನಿಶಿ ಮತ್ತು ಕ್ಯೋಟೋದ ಅವರ ಶಿಷ್ಯರು 1948ರಿಂದಲೇ ಕೋತಿಗಳನ್ನು ಒಂದೊಂದಾಗಿ ಗುರುತು ಹಿಡಿದು, ಹೆಸರಿಟ್ಟು, ವರ್ಷಗಟ್ಟಲೆ ನೋಡಿದರು. 1953ರಲ್ಲಿ ಕೋಶಿಮಾ ದ್ವೀಪದ 'ಇಮೊ' ಎಂಬ ಎಳೆಯ ಹೆಣ್ಣುಕೋತಿ ಮಣ್ಣು ಮೆತ್ತಿದ ಸಿಹಿಗೆಣಸನ್ನು ನೀರಿನಲ್ಲಿ ತೊಳೆದು ತಿನ್ನಲು ಶುರುಮಾಡಿತು. ಅದರ ಒಡನಾಡಿಗಳು, ತಾಯಿ, ಆಮೇಲೆ ಹಿಂಡಿನ ಬಹುಪಾಲು ಅದನ್ನು ಕಲಿತವು. ಧಾರವಾಡಕ್ಕೆ ಬಂದ ಸುಗಿಯಾಮ ಇದೇ ಪರಂಪರೆಯವರು. ಪ್ರಾಣಿಗೂ ಮನುಷ್ಯನಿಗೂ ನಡುವೆ ಆತ್ಮದ ಗೋಡೆ ಕಟ್ಟದ ನಾಡಿನಲ್ಲಿ ಬೆಳೆದವರಿಗೆ ಕೋತಿಗೊಂದು ಹೆಸರು, ಒಂದು ಸ್ವಭಾವ ಇರಬಹುದು ಎನ್ನಲು ಅಳುಕಿರಲಿಲ್ಲ ಎಂದು ನನಗೆ ತೋರುತ್ತದೆ. 1960ರಲ್ಲಿ ಟಾಂಜಾನಿಯಾದ ಗೋಂಬೆ ಕಾಡಿಗೆ ಹೋದ ಜೇನ್ ಗುಡಾಲ್ ಚಿಂಪಾಂಜಿಗಳಿಗೆ ಹೆಸರಿಟ್ಟಾಗ ಪಶ್ಚಿಮದ ವಿದ್ವಾಂಸರು ಮುನಿದಿದ್ದರು. ಹುಲ್ಲುಕಡ್ಡಿಯನ್ನು ಹುತ್ತದೊಳಗೆ ತೂರಿ ಗೆದ್ದಲು ಹಿಡಿಯುವ, ಅದಕ್ಕಾಗಿ ರೆಂಬೆಯ ಎಲೆ ಸವರಿ ಹದಮಾಡಿಕೊಳ್ಳುವ ಚಿಂಪಾಂಜಿಯನ್ನು ಅವರು ತೋರಿಸಿದ ಮೇಲೆ, ಉಪಕರಣ ಮಾಡುವವನೇ ಮನುಷ್ಯ ಎಂಬ ಗೆರೆ ಅಳಿಸಿತು. ಬಾವಲಿಗಳ ಪ್ರತಿಧ್ವನಿ ವಿದ್ಯೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಡೊನಾಲ್ಡ್ ಗ್ರಿಫಿನ್ 1976ರಲ್ಲಿ, ಪ್ರಾಣಿಪ್ರಜ್ಞೆಯನ್ನು ಮತ್ತೆ ವಿಜ್ಞಾನದ ಪ್ರಶ್ನೆಯಾಗಿಸುವ ಪುಸ್ತಕ ಬರೆದರು.

ಅಲ್ಲಿಂದೀಚೆಗೆ ಕೂಡಿಬಂದ ಪುರಾವೆಗಳಲ್ಲಿ ನೋವಿನ ಕುರಿತಾದವು ನನಗೆ ಎಲ್ಲಕ್ಕಿಂತ ಮುಖ್ಯ. ಸ್ಕಾಟ್ಲೆಂಡಿನಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ಟ್ರೌಟ್ ಮೀನುಗಳ ತುಟಿಗೆ ಆಮ್ಲ ಚುಚ್ಚಿದರು. ಮೀನುಗಳು ತುಟಿಯನ್ನು ತೊಟ್ಟಿಯ ತಳದ ಕಲ್ಲಿಗೆ ಉಜ್ಜಿದವು, ಮೈ ತೂಗಾಡಿಸಿದವು, ಹೆಚ್ಚು ಹೊತ್ತು ಮೇವು ಬಿಟ್ಟವು. ಮಾರ್ಫಿನ್ ಕೊಟ್ಟಾಗ ಈ ಲಕ್ಷಣಗಳು ಇಳಿದವು. ಬರಿಯ ಪ್ರತಿವರ್ತನೆಯಾಗಿದ್ದರೆ ಅದು ಚುಚ್ಚಿದ ಕ್ಷಣಕ್ಕೆ ಮುಗಿಯಬೇಕಿತ್ತು. ಬೆಲ್‌ಫಾಸ್ಟ್‌ನ ರಾಬರ್ಟ್ ಎಲ್‌ವುಡ್ ಇನ್ನೂ ಸೂಕ್ಷ್ಮವಾದ ಪ್ರಯೋಗ ಮಾಡಿದರು. ಸನ್ಯಾಸಿ ಏಡಿ ಸತ್ತ ಶಂಖದ ಚಿಪ್ಪಿನೊಳಗೆ ಮನೆಮಾಡುತ್ತದೆ. ಕೆಲವು ಬಗೆಯ ಚಿಪ್ಪು ಅದಕ್ಕೆ ಇಷ್ಟ, ಕೆಲವು ಅಷ್ಟಕ್ಕಷ್ಟೆ. ಚಿಪ್ಪಿನೊಳಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟಾಗ ಇಷ್ಟವಿಲ್ಲದ ಚಿಪ್ಪಿನಲ್ಲಿದ್ದ ಏಡಿಗಳು ಬೇಗ ಹೊರಬಂದವು, ಇಷ್ಟದ ಚಿಪ್ಪಿನಲ್ಲಿದ್ದವು ತಡೆದುಕೊಂಡವು. ಒಳಗೆ ಎಲ್ಲೋ ನೋವನ್ನೂ ಮನೆಯ ಬೆಲೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಕೆಲಸ ನಡೆದಿದೆ.

ಸುಖದ ಕಡೆಯ ಪುರಾವೆ ಕಡಿಮೆ, ಏಕೆಂದರೆ ಅದನ್ನು ಹುಡುಕಿದವರೇ ಕಡಿಮೆ. ಲಂಡನ್ನಿನ ಲಾರ್ಸ್ ಚಿಟ್ಕಾ ಅವರ ಪ್ರಯೋಗಾಲಯ 2022ರಲ್ಲಿ, ದುಂಡುದುಂಬಿಗಳು ಮರದ ಪುಟ್ಟ ಚೆಂಡುಗಳನ್ನು ಯಾವ ಬಹುಮಾನವೂ ಇಲ್ಲದೆ ಮತ್ತೆ ಮತ್ತೆ ಉರುಳಿಸುವುದನ್ನು ವರದಿ ಮಾಡಿತು. ಒಂದು ದುಂಬಿಯಂತೂ 117 ಸಲ ಉರುಳಿಸಿತ್ತು. ಎಳೆಯ ದುಂಬಿಗಳು ಬಲಿತವುಗಳಿಗಿಂತ ಹೆಚ್ಚು ಆಡಿದವು. ಇದನ್ನು ಆಟವೆನ್ನದೆ ಬೇರೇನೆನ್ನಬೇಕು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ನೆನಪು ಮತ್ತು ಪರರ ಮನಸ್ಸಿನ ವಿಷಯದಲ್ಲಿ ಪೊದೆಗಾಡಿನ ಜೇ ಹಕ್ಕಿಗಳು ಎಲ್ಲರನ್ನೂ ಬೆರಗಾಗಿಸಿದವು. ನಿಕೋಲಾ ಕ್ಲೇಟನ್ ಮತ್ತು ಆಂಟನಿ ಡಿಕಿನ್ಸನ್ 1998ರಲ್ಲಿ ತೋರಿಸಿದಂತೆ, ಈ ಹಕ್ಕಿಗಳಿಗೆ ತಾವು ಎಲ್ಲಿ ಏನನ್ನು ಬಚ್ಚಿಟ್ಟೆವು ಎಂಬುದರ ಜೊತೆಗೆ ಯಾವಾಗ ಎಂಬುದೂ ನೆನಪಿರುತ್ತದೆ. ಹೆಚ್ಚು ದಿನವಾಗಿ ಹುಳು ಕೊಳೆತಿರುತ್ತದೆ ಎನಿಸಿದರೆ ಅದನ್ನು ಬಿಟ್ಟು ಕಡಲೆಬೀಜವನ್ನು ಅಗೆಯುತ್ತವೆ. ಬಚ್ಚಿಡುವಾಗ ಇನ್ನೊಂದು ಹಕ್ಕಿ ನೋಡಿದ್ದರೆ, ಆಮೇಲೆ ಒಂಟಿಯಾದಾಗ ಬಂದು ಜಾಗ ಬದಲಿಸುತ್ತವೆ. ಅದೂ ಎಲ್ಲವೂ ಅಲ್ಲ, ತಾವೇ ಹಿಂದೆ ಇನ್ನೊಂದರ ಬಚ್ಚಿಟ್ಟದ್ದನ್ನು ಕದ್ದ ಹಕ್ಕಿಗಳು ಮಾತ್ರ. ತನ್ನ ಅನುಭವದಿಂದ ಇನ್ನೊಬ್ಬನ ಉದ್ದೇಶವನ್ನು ಊಹಿಸುವುದೆಂದರೆ ಇದೇ ಅಲ್ಲವೇ? ನಮಗೂ ಹಕ್ಕಿಗಳಿಗೂ ಸಮಾನ ಪೂರ್ವಜ ಇದ್ದದ್ದು 30 ಕೋಟಿ ವರ್ಷಗಳಿಗೂ ಹಿಂದೆ. ಅಷ್ಟು ದೂರದ ಕವಲಿನಲ್ಲೂ ಇಂಥ ಮನಸ್ಸು ಬೇರೆಯಾಗಿಯೇ ರೂಪುಗೊಂಡಿದೆ. ಅಕ್ಟೋಪಸ್ ಅದಕ್ಕಿಂತ ದೂರ. ಅದರ ಸುಮಾರು 50 ಕೋಟಿ ನರಕೋಶಗಳಲ್ಲಿ ಹೆಚ್ಚಿನವು ತಲೆಯಲ್ಲಿಲ್ಲ, ತೋಳುಗಳಲ್ಲಿವೆ.

ಇಲ್ಲಿ ಕನ್ನಡಿ ಪರೀಕ್ಷೆಯ ಮಾತು ಬರಲೇಬೇಕು. 1970ರಲ್ಲಿ ಗಾರ್ಡನ್ ಗ್ಯಾಲಪ್ ಚಿಂಪಾಂಜಿಗಳ ಮುಖಕ್ಕೆ ಅವಕ್ಕೆ ತಿಳಿಯದಂತೆ ಬಣ್ಣ ಹಚ್ಚಿ ಕನ್ನಡಿ ತೋರಿಸಿದರು. ಅವು ಪ್ರತಿಬಿಂಬ ನೋಡಿ ತಮ್ಮ ಮುಖದ ಗುರುತನ್ನೇ ಮುಟ್ಟಿಕೊಂಡವು. ಅಲ್ಲಿಂದ ಇದು ಆತ್ಮಪ್ರಜ್ಞೆಯ ಪ್ರವೇಶ ಪರೀಕ್ಷೆಯಾಯಿತು. 2006ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಮೂರು ಆನೆಗಳಲ್ಲಿ 'ಹ್ಯಾಪಿ' ಎಂಬ ಆನೆ ಪಾಸಾಯಿತು. ಆಮೇಲೆ ಮ್ಯಾಗ್‌ಪೈ ಹಕ್ಕಿ. 2019ರಲ್ಲಿ ಬೇರೆ ಮೀನುಗಳ ಮೈ ಶುಚಿಮಾಡುವ ಒಂದು ಪುಟ್ಟ ಮೀನೂ ಪಾಸಾದಾಗ, ಮೀನಿಗೆ ಆತ್ಮಪ್ರಜ್ಞೆ ಇದೆ ಎನ್ನುವುದೋ ಪರೀಕ್ಷೆಯೇ ಸರಿಯಿಲ್ಲ ಎನ್ನುವುದೋ ಎಂದು ವಿಜ್ಞಾನಿಗಳೇ ಇಬ್ಭಾಗವಾದರು. ನಾಯಿಗಳು ಇದರಲ್ಲಿ ಸೋಲುತ್ತವೆ. ಆದರೆ ನಾಯಿ ಲೋಕವನ್ನು ತಿಳಿಯುವುದು ಮೂಗಿನಿಂದ. 2017ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ನಡೆಸಿದ ವಾಸನೆಯ ಪ್ರಯೋಗದಲ್ಲಿ, ತಮ್ಮ ಮೂತ್ರದ ವಾಸನೆಗೆ ಬೇರೇನೋ ಬೆರೆಸಿದ್ದನ್ನು ನಾಯಿಗಳು ಹೆಚ್ಚು ಹೊತ್ತು ಮೂಸಿದವು. ಕಣ್ಣನ್ನೇ ನಂಬಿದ ಪ್ರಾಣಿಯೊಂದು ರೂಪಿಸಿದ ಪರೀಕ್ಷೆಯಲ್ಲಿ ಮೂಗನ್ನು ನಂಬಿದ ಪ್ರಾಣಿ ಫೇಲಾಗುವುದರಲ್ಲಿ ಆಶ್ಚರ್ಯವಿಲ್ಲ.

ಆನೆಗಳ ವಿಷಯದಲ್ಲಿ ನಾವು ಕನ್ನಡಿಗರು ದೂರ ನಿಂತು ಮಾತಾಡುವಂತಿಲ್ಲ. 2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಕಾಡಾನೆಗಳಿದ್ದವು. ದೇಶದಲ್ಲಿ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. 1984ರಲ್ಲಿ ಕೇಟಿ ಪೇನ್ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಆನೆಗಳ ಪಕ್ಕ ನಿಂತಾಗ ಗಾಳಿಯಲ್ಲಿ ಒಂದು ಮಿಡಿತ ಅನುಭವಕ್ಕೆ ಬಂತು. ಧ್ವನಿ ಮುದ್ರಿಸಿ ನೋಡಿದರೆ ನಮ್ಮ ಕಿವಿಗೆ ಎಟುಕದಷ್ಟು ತಗ್ಗಿನ ದನಿಯಲ್ಲಿ ಆನೆಗಳು ಮಾತಾಡಿಕೊಳ್ಳುತ್ತಿದ್ದವು. ಕೀನ್ಯಾದ ಅಂಬೊಸೆಲಿಯಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಂತೆ, ತಮ್ಮನ್ನು ಈಟಿಯಿಂದ ತಿವಿಯುವ ಮಸಾಯಿ ಗಂಡಸರ ದನಿಯನ್ನು ಆನೆಗಳು ಬೇರೆ ಬುಡಕಟ್ಟಿನವರ ದನಿಯಿಂದ, ಹೆಂಗಸರ ಮತ್ತು ಹುಡುಗರ ದನಿಯಿಂದ ಪ್ರತ್ಯೇಕಿಸಿ ಗುರುತಿಸುತ್ತವೆ. 2024ರಲ್ಲಿ ಬಂದ ಇನ್ನೊಂದು ಅಧ್ಯಯನ, ಆಫ್ರಿಕದ ಆನೆಗಳು ಒಂದನ್ನೊಂದು ಹೆಸರಿನಂಥ ದನಿಯಿಂದ ಕರೆಯುತ್ತವೆ ಎನ್ನುವುದಕ್ಕೆ ಪುರಾವೆ ಕೊಟ್ಟಿತು.

ದಕ್ಷಿಣ ಭಾರತದ ಗಂಡಾನೆಗಳ ಬಗ್ಗೆ ನಿಶಾಂತ್ ಶ್ರೀನಿವಾಸಯ್ಯ, ರಾಮನ್ ಸುಕುಮಾರ್ ಮುಂತಾದವರು 2019ರಲ್ಲಿ ಪ್ರಕಟಿಸಿದ್ದು ನಮ್ಮ ಹೊಲಗಳ ಅಂಚಿನಲ್ಲೇ ನಡೆದಿರುವ ಬದಲಾವಣೆ. ಬಲಿಯುತ್ತಿರುವ ಗಂಡಾನೆಗಳು ಹಿಂಡು ಬಿಟ್ಟಮೇಲೆ ಹೆಚ್ಚಾಗಿ ಒಂಟಿಯಾಗಿ ತಿರುಗುವುದು ರೂಢಿ. ಕಾಡಿನಾಚೆಯ ಬೆಳೆಭೂಮಿಯಲ್ಲಿ, ಪಟಾಕಿ, ಬೆಂಕಿ, ಜನರ ನಡುವೆ ಅವು ದೊಡ್ಡ ಗಂಡುಗುಂಪುಗಳನ್ನು ಕಟ್ಟಿಕೊಂಡು ವರ್ಷಗಟ್ಟಲೆ ಜೊತೆಗಿರತೊಡಗಿವೆ. ಅಪಾಯದ ನಾಡಿನಲ್ಲಿ ಬದುಕುವುದನ್ನು ಹಿರಿಯ ಆನೆಯಿಂದ ಕಿರಿಯದು ಕಲಿಯುವ ಹೊಸ ಸಮಾಜ ಅದು. ಹಾಸನ, ಕೊಡಗಿನ ಕಾಫಿ ತೋಟಗಳಲ್ಲಿ ಆನೆ ಬಂತೆಂದರೆ ಕೂಲಿಗೆ ಹೋಗುವವರ ಜೀವ ಕೈಯಲ್ಲಿರುತ್ತದೆ. ಆ ಭಯ, ಆ ಸಾವುಗಳು ನಿಜ. ಆನೆಗೂ ಲೆಕ್ಕಾಚಾರವಿದೆ, ಕಲಿಕೆಯಿದೆ, ಗೆಳೆತನವಿದೆ ಎಂಬುದೂ ಅಷ್ಟೇ ನಿಜ. ಬೆಳೆಗೆ ಬರುವ ಆನೆ ದಾರಿತಪ್ಪಿದ ಯಂತ್ರವಲ್ಲ ಎಂದು ತಿಳಿದವರು ಮಾತ್ರ ಅದನ್ನು ತಡೆಯುವ ದಾರಿ ಕಂಡಾರು.

2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನಲ್ಲಿ, ಎಂಟು ಸಲ ದಸರಾ ಅಂಬಾರಿ ಹೊತ್ತ ಸಾಕಾನೆ ಅರ್ಜುನ, ಕಾಡಾನೆಯೊಂದರ ಜೊತೆಗಿನ ಕಾಳಗದಲ್ಲಿ ಸತ್ತ. ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಗೆ ಅವನನ್ನು ಒಯ್ದಿದ್ದರು. ರಾಜ್ಯವೇ ಮರುಗಿತು. ಆ ಮರುಕದ ಒಳಗೇ ಒಂದು ಒಪ್ಪಿಗೆಯಿತ್ತು: ಸತ್ತದ್ದು ಒಂದು ಆನೆಯಲ್ಲ, ಅರ್ಜುನ. ಮಾವುತರು, ಕಾವಾಡಿಗಳು ತಲೆಮಾರುಗಳಿಂದ ಬಲ್ಲ ಸಂಗತಿಯಿದು. ಯಾವ ಆನೆಗೆ ಯಾವುದರ ಮೇಲೆ ಮುನಿಸು, ಯಾವುದಕ್ಕೆ ಯಾವುದರ ಗೆಳೆತನ ಎಂಬ ಅವರ ತಿಳಿವಳಿಕೆಯನ್ನು ವಿಜ್ಞಾನ ಇನ್ನೂ ಸರಿಯಾಗಿ ಬರೆದುಕೊಂಡಿಲ್ಲ. ತನ್ನದೇ ಜಾತಿಯ ಆನೆಯನ್ನು ಹಗ್ಗ ಹಾಕಿ ಎಳೆಯುವ ಕೆಲಸಕ್ಕೆ ನಿಂತ ಸಾಕಾನೆಯ ಒಳಗೆ ಏನಾಗುತ್ತದೆ ಎಂಬ ಪ್ರಶ್ನೆಯೂ ಹಾಗೆಯೇ ಉಳಿದಿದೆ.

ಸಾವಿನ ಅರಿವು ಅವಕ್ಕಿದೆಯೇ? ಬಸವಣ್ಣನವರ ಒಂದು ವಚನದಲ್ಲಿ ಹಬ್ಬಕ್ಕೆಂದು ತಂದ ಹರಕೆಯ ಕುರಿ, ತನ್ನನ್ನು ಕೊಲ್ಲುವರೆಂದು ಅರಿಯದೆ, ಹಸಿವಿಗೆ ತೋರಣದ ಎಲೆಯನ್ನೇ ಮೇಯುತ್ತದೆ. ವಚನ ಕುರಿಯ ತಿಳಿಗೇಡಿತನವನ್ನು ಎತ್ತಿ ಆಡುವುದಿಲ್ಲ. ಕೊಂದವರಾದರೂ ಉಳಿಯುತ್ತಾರೆಯೇ ಎಂದು ನಮ್ಮತ್ತ ತಿರುಗುತ್ತದೆ. ಸಾವನ್ನು ಮುಂಗಾಣುವುದು ಒಂದು, ಅಗಲಿಕೆಯನ್ನು ಅನುಭವಿಸುವುದು ಇನ್ನೊಂದು. ಮೊದಲನೆಯದು ಪ್ರಾಣಿಗಳಿಗೆ ಎಷ್ಟಿದೆಯೋ ಹೇಳುವುದು ಕಷ್ಟ. ಎರಡನೆಯದರ ಚಿತ್ರಗಳು ಮಾತ್ರ ಹೆಚ್ಚುತ್ತಲೇ ಇವೆ. 2018ರಲ್ಲಿ ಅಮೆರಿಕದ ವಾಯವ್ಯ ಕರಾವಳಿಯಲ್ಲಿ ಒಂದು ಓರ್ಕಾ ತಿಮಿಂಗಿಲ ಹುಟ್ಟಿದೊಡನೆ ಸತ್ತ ಮರಿಯನ್ನು 17 ದಿನ, ಸುಮಾರು 1,600 ಕಿಲೋಮೀಟರ್ ತಲೆಯ ಮೇಲೆ ಹೊತ್ತು ಈಜಿತು. ಇದಕ್ಕೆ ದುಃಖವೆಂದು ಹೆಸರಿಡಲು ಹಿಂಜರಿಯುವವರಿದ್ದಾರೆ. ತಾಯಿಯ ಸಹಜಪ್ರವೃತ್ತಿ ಇನ್ನೂ ನಿಂತಿಲ್ಲ ಅಷ್ಟೆ ಎನ್ನುತ್ತಾರೆ. ಆದರೆ ಮನುಷ್ಯ ತಾಯಿಯ ದುಃಖದಲ್ಲೂ ಆ ಸಹಜಪ್ರವೃತ್ತಿ ಇದ್ದೇ ಇದೆ. ಅದಿದೆ ಎಂಬ ಕಾರಣಕ್ಕೆ ಅವಳ ದುಃಖ ಸುಳ್ಳಾಗುವುದಿಲ್ಲ. ಹಾಗಾದರೆ ಧಾರವಾಡದ ಆ ತಾಯಿ? ಅದು ಬೇಗ ಬೆದೆಗೆ ಬಂತು ಎಂಬುದರಿಂದ ಅದಕ್ಕೆ ಏನೂ ಆಗಲಿಲ್ಲ ಎಂದು ಹೇಳಲಾಗದು. ದೇಹದ ಗಡಿಯಾರ ಮತ್ತು ಒಳಗಿನ ನೋವು ಒಂದೇ ವೇಗದಲ್ಲಿ ನಡೆಯಬೇಕೆಂದಿಲ್ಲ.

ಸಂದೇಹಿಗಳ ಮಾತನ್ನು ಗೌರವದಿಂದ ಕೇಳಬೇಕು. ನರವಿಜ್ಞಾನಿ ಜೋಸೆಫ್ ಲೆಡೂ ಹೇಳುವಂತೆ, ಅಪಾಯ ಕಂಡಾಗ ಮೈ ನಡುಗುವ, ಓಡುವ ನರಮಂಡಲದ ವ್ಯವಸ್ಥೆ ಬೇರೆ, ಭಯವೆಂಬ ಅನುಭವ ಬೇರೆ. ಮೊದಲನೆಯದನ್ನು ಕಂಡು ಎರಡನೆಯದನ್ನು ಊಹಿಸಬಾರದು. ಮನುಷ್ಯರಲ್ಲೇ ಮಿದುಳಿನ ದೃಷ್ಟಿಭಾಗಕ್ಕೆ ಪೆಟ್ಟಾದ ಕೆಲವರು ತಮಗೆ ಏನೂ ಕಾಣುವುದಿಲ್ಲ ಎನ್ನುತ್ತಲೇ ಎದುರಿಗಿನ ವಸ್ತುವಿನತ್ತ ಸರಿಯಾಗಿ ಬೆರಳು ತೋರುತ್ತಾರೆ. ಅನುಭವವಿಲ್ಲದೆಯೂ ವರ್ತನೆ ನಡೆಯಬಲ್ಲದು ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ. ಮೀನಿಗೆ ನಮ್ಮಂಥ ಮಿದುಳಿನ ಹೊರಪದರವಿಲ್ಲ, ಆದ್ದರಿಂದ ನೋವಿಲ್ಲ ಎಂದು ಬ್ರಯನ್ ಕೀ 2016ರಲ್ಲಿ ವಾದಿಸಿದರು. ಕೊನೆಯ ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಆರು ಪದರದ ಆ ಹೊರಪದರ ಕಾಗೆಗೂ ಇಲ್ಲ. ಆದರೂ 2020ರಲ್ಲಿ ಜರ್ಮನಿಯ ಆಂಡ್ರಿಯಾಸ್ ನೀಡರ್ ತಂಡ, ಕಾಗೆ ಮಸುಕಾದ ಬೆಳಕನ್ನು ತಾನು ಕಂಡೆನೋ ಇಲ್ಲವೋ ಎಂದು ತಿಳಿಸುವಾಗ ಅದರ ನರಕೋಶಗಳ ಚಟುವಟಿಕೆ ಆ ಅನುಭವಕ್ಕೆ ತಕ್ಕಂತೆ ಬದಲಾಗುವುದನ್ನು ತೋರಿಸಿತು. ಒಂದೇ ಕೆಲಸವನ್ನು ಬೇರೆ ಬೇರೆ ಕಟ್ಟಡಗಳು ಮಾಡಬಲ್ಲವು. ಇನ್ನು ಬಾವಲಿಯಾಗಿರುವುದು ಹೇಗನಿಸುತ್ತದೆ ಎಂದು ತತ್ವಜ್ಞಾನಿ ತಾಮಸ್ ನಾಗೆಲ್ 1974ರಲ್ಲಿ ಕೇಳಿದ ಪ್ರಶ್ನೆಯಂತೂ ಹಾಗೇ ನಿಂತಿದೆ. ಬಾವಲಿಯ ಮಿದುಳಿನ ಪ್ರತಿ ಎಳೆಯನ್ನು ಬಲ್ಲವನಿಗೂ ಪ್ರತಿಧ್ವನಿಯಿಂದ ಲೋಕವನ್ನು ಕಾಣುವ ಅನುಭವ ದಕ್ಕುವುದಿಲ್ಲ. ದಕ್ಕುವುದಿಲ್ಲವೆಂದು ಅದು ಇಲ್ಲವೆನ್ನಲಾಗದು. ನಾಗೆಲ್ ಕೂಡ ಹಾಗೆ ಹೇಳಲಿಲ್ಲ.

2012ರ ಕೇಂಬ್ರಿಜ್ ಘೋಷಣೆಯಲ್ಲಿ ನರವಿಜ್ಞಾನಿಗಳ ಒಂದು ಗುಂಪು, ಸಸ್ತನಿಗಳು, ಹಕ್ಕಿಗಳು ಮತ್ತು ಅಕ್ಟೋಪಸ್‌ನಂಥ ಜೀವಿಗಳಲ್ಲೂ ಪ್ರಜ್ಞೆಗೆ ಬೇಕಾದ ನರವ್ಯವಸ್ಥೆ ಇದೆ ಎಂದಿತು. 2024ರ ಏಪ್ರಿಲ್‌ನ ನ್ಯೂಯಾರ್ಕ್ ಘೋಷಣೆ ಇನ್ನೂ ಎಚ್ಚರದ ಮಾತಿನಲ್ಲಿ ಇನ್ನೂ ದೂರ ಹೋಯಿತು. ಸಸ್ತನಿ, ಹಕ್ಕಿಗಳ ವಿಷಯದಲ್ಲಿ ಪುರಾವೆ ಬಲವಾಗಿದೆ. ಸರೀಸೃಪ, ಕಪ್ಪೆ, ಮೀನು, ಏಡಿ, ಕೀಟಗಳ ವಿಷಯದಲ್ಲೂ ತಳ್ಳಿಹಾಕಲಾಗದ ಸಾಧ್ಯತೆಯಿದೆ. ಅಂಥ ಸಾಧ್ಯತೆ ಇರುವಲ್ಲಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು ಬೇಜವಾಬ್ದಾರಿ ಎಂಬುದು ಅದರ ಸಾರ.

ಈ ಘೋಷಣೆಯನ್ನು ಓದುವಾಗ ಜೈನರ ಜೀವವಿಂಗಡಣೆ ನೆನಪಾಗದೆ ಇರದು. ಮಣ್ಣು, ನೀರು, ಗಿಡಗಳು ಏಕೇಂದ್ರಿಯ; ಹುಳುಗಳು ಎರಡು, ಇರುವೆ ಮೂರು, ದುಂಬಿ ನಾಲ್ಕು ಇಂದ್ರಿಯದವು; ಮೀನು, ಹಕ್ಕಿ, ಮೃಗ, ಮನುಷ್ಯರು ಪಂಚೇಂದ್ರಿಯರು. ಇಂದಿನ ವಿಜ್ಞಾನವನ್ನು ಹಿಂದಿನವರು ಆಗಲೇ ಬಲ್ಲವರಾಗಿದ್ದರು ಎಂದು ಇದರಿಂದ ಸಾಧಿಸಲು ಹೊರಡುವುದು ತಪ್ಪು. ಆದರೆ ಒಂದು ಮಾತು ಗಮನಿಸಬೇಕು: ಇಲ್ಲಿ ಮನುಷ್ಯ ಮೀನಿನ ಜೊತೆ ಒಂದೇ ಸಾಲಿನಲ್ಲಿದ್ದಾನೆ. ಜನ್ನ 1209ರ 'ಯಶೋಧರ ಚರಿತೆ'ಯಲ್ಲಿ ಇದನ್ನು ಕತೆಯಾಗಿಸಿದ. ಯಶೋಧರ ಜೀವಂತ ಕೋಳಿಯನ್ನಲ್ಲ, ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಆ ಸಂಕಲ್ಪಕ್ಕಾಗಿ ತಾಯಿ, ಮಗ ಇಬ್ಬರೂ ನವಿಲು, ನಾಯಿ ಮುಂತಾಗಿ ಜನ್ಮದಿಂದ ಜನ್ಮಕ್ಕೆ ಪ್ರಾಣಿಗಳಾಗಿ ಹುಟ್ಟಿ, ಕೊಲ್ಲಿಸಿಕೊಂಡು, ನೋಯುತ್ತಾರೆ. ಪ್ರಾಣಿಯ ಮೈಯೊಳಗೆ ಕೂತು ಮನುಷ್ಯರ ಲೋಕವನ್ನು ನೋಡುವ ಅನುಭವವನ್ನು ಕನ್ನಡ ಕಾವ್ಯ ಎಂಟು ನೂರು ವರ್ಷಗಳ ಹಿಂದೆಯೇ ಕಟ್ಟಿಕೊಟ್ಟಿದೆ. ಪುಣ್ಯಕೋಟಿಯ ಹಾಡಿನಲ್ಲಿ ಹಸುವಿಗೆ ಸತ್ಯವಿದೆ, ಹುಲಿಗೆ ಪಶ್ಚಾತ್ತಾಪವಿದೆ. ಕುವೆಂಪು ನಾಯಿಗುತ್ತಿಯ ಜೊತೆ ಅವನ ನಾಯಿ ಹುಲಿಯನನ್ನೂ ಪಾತ್ರವಾಗಿಸಿದರು. ತೇಜಸ್ವಿಯವರ ಬರಹದಲ್ಲಿ ಕಿವಿ ನಾಯಿಯದೇ ಒಂದು ವ್ಯಕ್ತಿತ್ವ.

ಇಷ್ಟು ಹೇಳಿದ ಮೇಲೆ ಕಹಿಯಾದದ್ದನ್ನೂ ಹೇಳಬೇಕು. ಇಂಥ ಪರಂಪರೆ ಇರುವ ನಾಡಿನಲ್ಲೇ ಪ್ರಾಣಿದಯೆ ಅನೇಕ ಸಲ ಮನುಷ್ಯರನ್ನು ಕೀಳಾಗಿ ಕಾಣುವ ನೆಪವಾಗಿದೆ. ಮಾಂಸ ತಿನ್ನುವ ಜಾತಿಗಳನ್ನು ಹೊಸಿಲಾಚೆ ನಿಲ್ಲಿಸಿದವರ ಹಟ್ಟಿಯಲ್ಲೇ ಹಾಲು ಬತ್ತಿದ ಎಮ್ಮೆ, ಬೇಡವಾದ ಗಂಡುಕರು ಹೊಟ್ಟೆಗಿಲ್ಲದೆ ಸೊರಗಿವೆ. ಯಾವ ಪ್ರಾಣಿ ಪವಿತ್ರ ಎಂಬುದು ಒಂದು ಪ್ರಶ್ನೆ, ಯಾವ ಪ್ರಾಣಿ ನೋಯುತ್ತದೆ ಎಂಬುದು ಇನ್ನೊಂದು. ಎರಡನ್ನೂ ಬೆರೆಸಿದಾಗಲೆಲ್ಲ ಪ್ರಾಣಿಗೂ ಅನ್ಯಾಯ, ಮನುಷ್ಯನಿಗೂ ಅನ್ಯಾಯ.

ನ್ಯಾಯಾಲಯಗಳೂ ಈ ಗೊಂದಲದಲ್ಲಿ ಸಿಲುಕಿವೆ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟನ್ನು ನಿಷೇಧಿಸುತ್ತಾ, ಸಂವಿಧಾನದ 21ನೇ ವಿಧಿಯ ಜೀವದ ರಕ್ಷಣೆ ಪ್ರಾಣಿಜೀವಕ್ಕೂ ಚಾಚುತ್ತದೆ ಎಂಬ ಅರ್ಥದ ದೊಡ್ಡ ಮಾತಾಡಿತು. ಅದರ ಬಿಸಿ ಕರಾವಳಿಯ ಕಂಬಳಕ್ಕೂ ತಟ್ಟಿ, 2017ರಲ್ಲಿ ಕರ್ನಾಟಕ ಸರ್ಕಾರ ಕಂಬಳವನ್ನು ಉಳಿಸಲು ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇಂಥ ತಿದ್ದುಪಡಿಗಳನ್ನು ಎತ್ತಿಹಿಡಿದು, ಪ್ರಾಣಿಗಳಿಗೆ ಮೂಲಭೂತ ಹಕ್ಕುಗಳಿವೆ ಎನ್ನಲು ಪೂರ್ವನಿದರ್ಶನವಿಲ್ಲ ಎಂದಿತು. ಕಂಬಳದ ಕೋಣವನ್ನು ಮನೆಮಗನಂತೆ ಸಾಕುವವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಗದ್ದೆಯ ಕೊನೆ ಮುಟ್ಟುವ ಆ ಗಳಿಗೆಯಲ್ಲಿ ಕೋಣಕ್ಕೆ ಏನನಿಸುತ್ತದೆ ಎಂಬುದನ್ನೂ ಅದೇ ಪ್ರೀತಿಯಿಂದ ಕೇಳಿಕೊಳ್ಳಬೇಕೆನ್ನುತ್ತೇನೆ. ಕನ್ನಡಿಯಲ್ಲಿ ತನ್ನನ್ನು ಗುರುತಿಸಿದ ಹ್ಯಾಪಿಯ ಬಿಡುಗಡೆಗಾಗಿ ಹೂಡಿದ ಮೊಕದ್ದಮೆಯೂ 2022ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯದಲ್ಲಿ 5–2ರಿಂದ ಸೋತಿತು.

ಹಾಗಾದರೆ ಜೀವಿಗಳ ನಡುವೆ ಮನುಷ್ಯನ ಜಾಗ ಯಾವುದು? ಭಾಷೆ, ತಲೆಮಾರಿನಿಂದ ತಲೆಮಾರಿಗೆ ಕೂಡುತ್ತಾ ಹೋಗುವ ಜ್ಞಾನ, ಕಾಣದವರ ಬಗ್ಗೆಯೂ ಚಿಂತಿಸುವ ಶಕ್ತಿ ನಮ್ಮಲ್ಲಿರುವಷ್ಟು ಬೇರೆಲ್ಲೂ ಇಲ್ಲ. ಅದನ್ನು ಅಲ್ಲಗಳೆಯುವುದರಿಂದ ಪ್ರಾಣಿಗಳಿಗೆ ಲಾಭವಿಲ್ಲ. ಆದರೆ ಈ ವಿಶೇಷ ನಮ್ಮನ್ನು ಎಲ್ಲಿ ತಂದು ನಿಲ್ಲಿಸಿದೆ ಎಂಬುದಕ್ಕೆ 2018ರ ಒಂದು ಲೆಕ್ಕ ಸಾಕು. ಭೂಮಿಯ ಎಲ್ಲ ಸಸ್ತನಿಗಳ ಜೈವಿಕ ತೂಕದಲ್ಲಿ ಸುಮಾರು 60 ಪಾಲು ನಮ್ಮ ಸಾಕುಪ್ರಾಣಿಗಳದು, 36 ಪಾಲು ನಮ್ಮದು, ಎಲ್ಲ ಕಾಡುಪ್ರಾಣಿಗಳು ಸೇರಿ ನೂರಕ್ಕೆ 4 ಪಾಲು. ಹಕ್ಕಿಗಳ ತೂಕದಲ್ಲಿ ನೂರಕ್ಕೆ 70 ಪಾಲು ಸಾಕುಕೋಳಿ. ಈ ಭೂಮಿಯ ಮೇಲೆ ನೋಯಬಲ್ಲ ದೊಡ್ಡ ಜೀವಿಗಳಲ್ಲಿ ಹೆಚ್ಚಿನವು ಇಂದು ನಮ್ಮ ಕೊಟ್ಟಿಗೆ, ಪಂಜರ, ಶೆಡ್ಡುಗಳಲ್ಲಿವೆ. ಆದ್ದರಿಂದ ಪ್ರಾಣಿಗಳ ಒಳಬಾಳಿನ ಪ್ರಶ್ನೆ ಮುಖ್ಯವಾಗಿ ಕಾಡಿನದಲ್ಲ. ಅದು ಮೊಟ್ಟೆಕೋಳಿಯ ತಂತಿ ಪಂಜರದ್ದು, ಮಾರುಕಟ್ಟೆಗೆ ಕಾಲುಕಟ್ಟಿ ತಲೆಕೆಳಗಾಗಿ ಒಯ್ಯುವ ನಾಟಿಕೋಳಿಯದು, ಮೀನುಬುಟ್ಟಿಯಲ್ಲಿ ಬಾಯಿ ಬಿಡುವ ಮೀನಿನದು.

ಸೀಗಡಿಯದೂ ಹೌದು. ಸೀಗಡಿ ಮರಿ ಬೆಳೆಸುವ ಹ್ಯಾಚರಿಗಳಲ್ಲಿ ಹೆಣ್ಣು ಸೀಗಡಿಯ ಒಂದು ಕಣ್ಣಿನ ಕಾಂಡವನ್ನು ಕತ್ತರಿಸುವುದು ಅಥವಾ ಹಿಸುಕುವುದು ಲೋಕದಲ್ಲೆಲ್ಲ ನಡೆದುಬಂದ ರೂಢಿ. ಮೊಟ್ಟೆ ಬಲಿಯುವುದನ್ನು ತಡೆಯುವ ಹಾರ್ಮೋನು ಅಲ್ಲಿಂದ ಬರುತ್ತದೆ. ಬ್ರಿಟನ್ ತಜ್ಞರ ವರದಿ ತರಿಸಿ, 300ಕ್ಕೂ ಹೆಚ್ಚು ಅಧ್ಯಯನಗಳನ್ನು ತೂಗಿ, 2022ರಲ್ಲಿ ಏಡಿ, ಸೀಗಡಿ, ಅಕ್ಟೋಪಸ್‌ಗಳನ್ನು ಸಂವೇದನೆಯುಳ್ಳ ಜೀವಿಗಳೆಂದು ಕಾನೂನಿಗೆ ಸೇರಿಸಿತು. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ಅಂಥ ವರದಿಯ ಅಗತ್ಯವೇ ಇರಲಿಲ್ಲ. ಮನುಷ್ಯನಲ್ಲದ ಯಾವುದೇ ಜೀವಿ ಪ್ರಾಣಿಯೆಂದೇ ಅದು ಆರಂಭದಲ್ಲಿ ಹೇಳುತ್ತದೆ. ಸೀಗಡಿ ಅಂದಿನಿಂದಲೂ ಅದರೊಳಗಿದೆ. ಮೊದಲ ಸಲದ ಹಿಂಸೆಗೆ ಆ ಕಾಯ್ದೆ ಬರೆದ ದಂಡ 10 ರೂಪಾಯಿಯಿಂದ 50 ರೂಪಾಯಿ. ಕಣ್ಣು ಕತ್ತರಿಸದೆಯೂ, ಮೇವು ಮತ್ತು ಬೆಳಕಿನ ಹದದಿಂದ, ತಾಯಿಸೀಗಡಿಗಳ ಒಳ್ಳೆಯ ಆಯ್ಕೆಯಿಂದ ಮೊಟ್ಟೆ ಪಡೆಯಬಹುದೆಂದು ಕೆಲವು ಹ್ಯಾಚರಿಗಳು ಈಗಾಗಲೇ ಮಾಡಿ ತೋರಿಸಿವೆ. ಆ ದಂಡದ ಮೊತ್ತವನ್ನು ಏರಿಸುವುದೂ ಈ ಬದಲಿ ವಿಧಾನವನ್ನು ಕಡ್ಡಾಯಗೊಳಿಸುವುದೂ ಸಂಸತ್ತಿನ ಒಂದು ಅಧಿವೇಶನದಲ್ಲಿ ಮುಗಿಯುವ ಕೆಲಸ.